ಹೆಸರಿಗಿಂತ ಮೊದಲು ಗಂಟೆ ಕೇಳಿದವರು

ಕುಡಿತಕ್ಕೋ ಮಾದಕ ವಸ್ತುವಿಗೋ ಸಿಕ್ಕಿಬಿದ್ದ ಮನುಷ್ಯ ಚಿಕಿತ್ಸೆಗೆಂದು ಬಂದಾಗ ವೈದ್ಯರಿಗಿಂತ ಮೊದಲು ಕಾಣುವುದು ಮೇಜಿನ ಆಚೆ ಕಾಗದ ಪೆನ್ನು ಹಿಡಿದು ಕೂತ ಆಪ್ತಸಮಾಲೋಚಕರನ್ನು. ಮುಕ್ಕಾಲು ಗಂಟೆಯ ಆ ಮೊದಲ ಸಂದರ್ಶನದಲ್ಲಿ ಏನು ಕೇಳಬೇಕು, ಯಾವುದನ್ನು ಮೊದಲು ಕೇಳಬೇಕು, ಕೇಳಿದ್ದನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ಕೋಲ್ಕತ್ತದಲ್ಲಿ ಹದಿನಾರು ವರ್ಷ ಪಟ್ಟು ಬಿಡದೆ ಕಲಿಸಿದವರು ಶ್ರೀಮತಿ ಇಂದುಮತಿ ಹಯವದನ. ಬಾರಾನಗರದ ಆಲಂಬಾಜಾರಿನಲ್ಲಿ ದಾನಿಗಳ ಟ್ರಸ್ಟೊಂದು ನಡೆಸುವ ತರಬೇತಿ ಕೇಂದ್ರದಿಂದ ಅವರು 2009ರ ಜೂನ್ 30ರಂದು ನಿವೃತ್ತರಾದರು. ಅವರ ಕೈಯಲ್ಲಿ ಕಲಿತ ತಂಡಗಳು ಮೂವತ್ತೊಂದು. ಸೇರಿದವರು 338 ಮಂದಿ. ಅವರ ಸಹಿಯಿರುವ ಪ್ರಮಾಣಪತ್ರ ಪಡೆದವರು 264. ಉಳಿದ 74 ಮಂದಿಯಲ್ಲಿ 25 ಮಂದಿ ಒಂದೇ ತಂಡದವರು. ಆ ಸಂಗತಿ ಮುಂದೆ ಬರುತ್ತದೆ.

ಈ ಅಭಿನಂದನ ಸಂಪುಟದಲ್ಲಿ ಸಹಿ ಸಿಗದವರ ಲೆಕ್ಕ ಏಕೆ ಎಂದು ಸಂಪಾದಕರು ಕೇಳಿದಾಗ ಇಂದುಮತಿಯವರೇ ಅದನ್ನು ಬಿಡಲು ಒಪ್ಪಲಿಲ್ಲ. "ಅದನ್ನ ತಗದ್ರ ಮೊದಲನೇ ಅಂಕಿಗೆ ಏನ್ ಅರ್ಥ ಉಳೀತದ ರೀ?" ಎಂದರು. ಸಮಾರಂಭ ಬೇಡವೆಂದರು, ಹಾರ ಬೇಡವೆಂದರು. ಸಂಪುಟಕ್ಕೆ ಒಪ್ಪಿದ್ದು, ಬೇಡವೆನ್ನುವಷ್ಟು ತ್ರಾಣ ಉಳಿದಿಲ್ಲ ಎಂಬ ಕಾರಣಕ್ಕೆ. ಒಂದೇ ಷರತ್ತು ಹಾಕಿದರು: ನಂಜುಂಡಪ್ಪನವರ ವಿಷಯ ಬರೆಯದೆ ತಮ್ಮ ವಿಷಯ ಬರೆಯಕೂಡದು. ನಂಜುಂಡಪ್ಪನವರ ಹೆಂಡತಿ ಗೌರಿಯವರ ಒಪ್ಪಿಗೆ ಪಡೆದು ಆ ಹೆಸರನ್ನು ಇಲ್ಲಿ ಬಳಸಲಾಗಿದೆ.

ಇಂದುಮತಿಯವರು ಹುಟ್ಟಿದ್ದು 1949ರಲ್ಲಿ, ಧಾರವಾಡದ ಮಾಳಮಡ್ಡಿಯಲ್ಲಿ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಬಾರಾನಗರದ ಸಂಶೋಧನಾ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರಜ್ಞರಾಗಿದ್ದ ಉಡುಪಿಯ ಹಯವದನ ಅವರನ್ನು ಮದುವೆಯಾಗಿ 1974ರ ಜನವರಿಯಲ್ಲಿ ಹೌರಾ ನಿಲ್ದಾಣದಲ್ಲಿ ಇಳಿದರು. ಊರಿನ ಹೆಸರು ಆಗಿನ್ನೂ ಕಲ್ಕತ್ತ. ಒಂದೇ ಮನೆಯಲ್ಲಿ ಧಾರವಾಡದ ಕನ್ನಡ, ಉಡುಪಿಯ ಕನ್ನಡ ಎರಡೂ ನಡೆದವು. ಬಂಗಾಳಿಯನ್ನು ಅವರು ಓಣಿಯ ತರಕಾರಿಯವನ ಹತ್ತಿರ ಚೌಕಾಸಿ ಮಾಡುತ್ತ ಕಲಿತರು. 1978ರಲ್ಲಿ ಹೊಳೆಯಾಚೆ ಹೌರಾದ ಒಂದು ಧರ್ಮಾರ್ಥ ಚಿಕಿತ್ಸಾಲಯದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಸೇರಿದರು.

ಅಲ್ಲಿಗೆ ಕಾರ್ಖಾನೆ ಕಾರ್ಮಿಕರ ಹೆಂಡಂದಿರು ಬರುತ್ತಿದ್ದರು. ಕಣ್ಣ ಕೆಳಗೆ ಹಸಿರುಗಟ್ಟಿದ ಪೆಟ್ಟು, ಜೊತೆಗೆ ಮೆಟ್ಟಿಲಿಂದ ಬಿದ್ದೆ ಎಂಬ ಕಾರಣ. ಪೆಟ್ಟಿನ ಹಿಂದೆ ಬಹುಪಾಲು ಕುಡಿತವಿರುತ್ತಿತ್ತು. ಇಂದುಮತಿಯವರ ಪಠ್ಯದಲ್ಲಿ ಕುಡಿತದ ಮೇಲಿದ್ದದ್ದು ಎರಡೇ ಪುಟ. ಹಾಗಾಗಿ ಮನೆಯ ಹಿರಿಯರು ಯಾರಾದರೂ ಮಾಡುವುದನ್ನೇ ಅವರೂ ಮಾಡಿದರು. ಗಂಡಸನ್ನು ಕರೆಸಿ ಬುದ್ಧಿ ಹೇಳುವುದು, ಮಕ್ಕಳ ಮುಖ ನೋಡು ಎನ್ನುವುದು, ಅವನು ಅತ್ತಾಗ ಆಣೆ ಹಾಕಿಸುವುದು. ಹನ್ನೊಂದು ವರ್ಷದಲ್ಲಿ ಹದಿನಾಲ್ಕು ಮಂದಿಯಿಂದ ಆಣೆ ಹಾಕಿಸಿದ್ದರು. ಹದಿಮೂರು ಮಂದಿ ಒಂದು ದಿನವೂ ನಿಲ್ಲದೆ ಮುರಿದರು. ಹದಿನಾಲ್ಕನೆಯವರು ನಂಜುಂಡಪ್ಪ.

ತಿಪಟೂರು ಕಡೆಯ ನಂಜುಂಡಪ್ಪ ರೈಲ್ವೆಯಲ್ಲಿ ಫಿಟ್ಟರ್. ಹೌರಾ ಪಕ್ಕದ ಲಿಲುವಾದ ಕ್ವಾರ್ಟರ್ಸಿನಲ್ಲಿ ಹೆಂಡತಿ ಗೌರಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ವಾಸ. ದಿನಾ ಕುಡಿಯಲು ಶುರುಮಾಡಿ ಇಪ್ಪತ್ತು ವರ್ಷವಾಗಿತ್ತು. ಕನ್ನಡ ಸಂಘದ ದೀಪಾವಳಿ ಊಟದಲ್ಲಿ ಗೌರಿ ಇಂದುಮತಿಯವರ ಸೆರಗು ಹಿಡಿದು, "ಅಕ್ಕ, ನಿಮ್ಮ ಮಾತು ಕೇಳ್ತಾರೆ, ಒಂದ್ಸಲ ಹೇಳಿ" ಎಂದು ಕಣ್ಣು ತುಂಬಿಕೊಂಡರು.

1989ರ ನವೆಂಬರ್ 6, ಕಾರ್ತಿಕ ಸೋಮವಾರ. ದಕ್ಷಿಣೇಶ್ವರದಲ್ಲಿ ನದಿಯ ದಂಡೆಯ ಹನ್ನೆರಡು ಶಿವಗುಡಿಗಳ ಮುಂದೆ ನಂಜುಂಡಪ್ಪ ಮಿಂದು, ಒದ್ದೆ ಬಟ್ಟೆಯಲ್ಲೇ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಇನ್ನು ಮುಟ್ಟುವುದಿಲ್ಲ ಎಂದರು. ಸೀಸೆಯಲ್ಲಿ ಉಳಿದಿದ್ದನ್ನು ಇಂದುಮತಿಯವರೇ ನೀರಿಗೆ ಸುರಿದರು. ಗೌರಿ ಎಲ್ಲರಿಗೂ ಪೇಡ ಹಂಚಿದರು. ಆ ಸಂಜೆ ಮನೆಗೆ ಬಂದು ಗಂಡನಿಗೆ ಹೇಳುವಾಗ ಇಂದುಮತಿಯವರ ದನಿಯಲ್ಲಿ ಹೆಮ್ಮೆಯಿತ್ತು. ಇದನ್ನು ಅವರು ಇಪ್ಪತ್ತು ವರ್ಷ ಮರೆಯಲಿಲ್ಲ.

ನಂಜುಂಡಪ್ಪ ಮಾತು ಉಳಿಸಿಕೊಂಡರು. ಮಂಗಳವಾರ ಕೈ ನಡುಗಿತು, ನಿದ್ದೆ ಬರಲಿಲ್ಲ. ಬುಧವಾರ ಮೈಯೆಲ್ಲ ಬೆವರು. ಗೌರಿ ರೈಲ್ವೆ ಫೋನಿನಿಂದ ಚಿಕಿತ್ಸಾಲಯಕ್ಕೆ ಫೋನು ಮಾಡಿದರು.

"ಅಕ್ಕ, ಗಡಗಡ ನಡುಗ್ತಾ ಅವ್ರೆ. ಗೋಡೆ ಮ್ಯಾಲೆ ಇರುವೆ ಹರೀತಾ ಅವೆ ಅಂತಾರೆ, ಒಂದ್ ಇರುವೇನೂ ಇಲ್ಲ. ಒಂದು ಗುಟುಕು ಕೊಟ್ಬಿಡ್ಲಾ? ಇಲ್ಲ ಆಸ್ಪತ್ರೆಗೆ ಕರ್ಕೊಂಡೋಗ್ಲಾ?"

"ಬ್ಯಾಡ ಗೌರಿ. ಇಷ್ಟ್ ವರ್ಷದ್ದು ಮೈಯಿಂದ ಹೊರಗ ಬೀಳಾಕತ್ತದ. ಈಗ ಒಂದು ಗುಟುಕು ಕೊಟ್ರ ಎಲ್ಲಾ ಹಾಳ. ಧೈರ್ಯದಿಂದ ಇರು. ನಾಳೆ ಮುಂಜಾನೆ ಬರ್ತೀನಿ."

ಗುರುವಾರ ಮುಂಜಾನೆ ಒಂಬತ್ತಕ್ಕೆ ಗ್ಲೂಕೋಸ್ ಪೊಟ್ಟಣ ಹಿಡಿದು ಇಂದುಮತಿಯವರು ಕ್ವಾರ್ಟರ್ಸ್ ತಲುಪಿದಾಗ ಬಾಗಿಲ ಮುಂದೆ ಜನ ಸೇರಿತ್ತು. ಆರು ಗಂಟೆಗೆ ಶುರುವಾದ ಸೆಳೆತ ಒಂದರ ಹಿಂದೊಂದು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ನಂಜುಂಡಪ್ಪ ತೀರಿಕೊಂಡಿದ್ದರು. ಆಸ್ಪತ್ರೆಯ ಕಿರಿಯ ವೈದ್ಯರೊಬ್ಬರು ಮೆಲ್ಲನೆ ವಿವರಿಸಿದರು: ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಅದನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವರಲ್ಲಿ ಎರಡನೆಯ ಮೂರನೆಯ ದಿನ ಹೀಗಾಗುತ್ತದೆ, ಇಲ್ಲದ್ದು ಕಾಣುತ್ತದೆ, ಸೆಳೆತ ಬರುತ್ತದೆ, ಒಂದು ವಾರ ಆಸ್ಪತ್ರೆಯಲ್ಲಿಟ್ಟು ಮಾತ್ರೆ ಕೊಟ್ಟು ಇಳಿಸಿದ್ದರೆ ಬಹುಶಃ ಉಳಿಯುತ್ತಿದ್ದರು.

ಗೌರಿ ಅಳಲಿಲ್ಲ. "ಅವರು ಮಾತಿಗೆ ತಪ್ಪಿದ್ರೆ ಬದುಕಿರ್ತಿದ್ರು, ಮೇಡಮ್ಮೋರೇ" ಎಂದರು. ಇಂದುಮತಿಯವರನ್ನು ಅವರು ಅಕ್ಕ ಎನ್ನದೆ ಕರೆದದ್ದು ಅದೇ ಮೊದಲು. ಆಮೇಲೆ ಎಂದೂ ಅಕ್ಕ ಎನ್ನಲಿಲ್ಲ.

ಇಂದುಮತಿಯವರು ನಡೆದದ್ದನ್ನು ಚಿಕಿತ್ಸಾಲಯದವರಿಗೆ ಬರೆದುಕೊಟ್ಟು ಕೆಲಸ ಬಿಟ್ಟರು. ಮರುವರ್ಷ ಒಮ್ಮೆ ಲಿಲುವಾಕ್ಕೆ ಹೋಗಿ ಕ್ಷಮೆ ಕೇಳಿದರು. ಗೌರಿಗೆ ಅಷ್ಟರಲ್ಲಿ ಅನುಕಂಪದ ಆಧಾರದ ಮೇಲೆ ರೈಲ್ವೆ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಅವರು ಎದ್ದು ಸ್ಟವ್ ಆರಿಸಿ, "ಆಯ್ತು, ಹೊತ್ತಾಯ್ತು, ನಿಮ್ಮ ಕಡೇ ದೋಣಿ ಹೊಂಟೋಗುತ್ತೆ" ಎಂದರು. ಅದು ಕ್ಷಮೆಯೋ ಸಾಗಹಾಕುವ ಮಾತೋ ತಿಳಿಯದೆ ಇಂದುಮತಿಯವರು ದೋಣಿ ಹತ್ತಿದರು. ಮತ್ತೆ ಕೇಳಲಿಲ್ಲ.

ನಲವತ್ತೊಂದನೆಯ ವಯಸ್ಸಿನಲ್ಲಿ ಅವರು ಬೆಂಗಳೂರಿಗೆ ಹೋಗಿ ಎರಡು ವರ್ಷ ವ್ಯಸನ ಚಿಕಿತ್ಸೆಯ ತರಬೇತಿ ಪಡೆದರು. ವಾರ್ಡಿನಲ್ಲಿ ತಮಗಿಂತ ಹದಿನೈದು ವರ್ಷ ಚಿಕ್ಕವರ ಜೊತೆ ನಿಂತು ನೋಟ್ಸ್ ಬರೆದುಕೊಂಡರು. ಹಯವದನ ಬಾರಾನಗರದಲ್ಲಿ ಒಬ್ಬರೇ ಸಾರು ಮಾಡಿಕೊಂಡು, ಪತ್ರದಲ್ಲಿ ಅದರ ರುಚಿಗೆ ತಾವೇ ಅಂಕ ಹಾಕಿ ಕಳಿಸುತ್ತಿದ್ದರು. 1993ರ ಡಿಸೆಂಬರಿನಲ್ಲಿ ಆಲಂಬಾಜಾರಿನ ಕೇಂದ್ರ ಶುರುವಾಯಿತು. ಆಪ್ತಸಮಾಲೋಚಕರ ಮೊದಲ ತಂಡಕ್ಕೆ ಒಂಬತ್ತು ಜನ ಸೇರಿದರು.

ಪಾಠ ಶುರುವಾಗುವ ಮೊದಲು ಇಂದುಮತಿಯವರು ಮತ್ತೆ ಲಿಲುವಾಕ್ಕೆ ಹೋದರು. ಈ ಸಲ ಕೇಳಿದ್ದು ಬೇರೆ: ಪ್ರತಿ ತಂಡದ ಮೊದಲ ದಿನ ಗೌರಿ ಬಂದು, ನಡೆದದ್ದನ್ನು ನಡೆದ ಹಾಗೆ ಹೇಳಬೇಕು.

"ನೀವೇ ಹೇಳಬೋದಲ್ಲ, ಮೇಡಮ್ಮೋರೇ?"

"ನನ್ನ ಬಾಯಿಂದ ಹೇಳಿದ್ರ ನನ್ನ ತಪ್ಪು ಸಣ್ಣದಾಗ್ತದ, ಗೌರಿ."

ಹನ್ನೊಂದನೆಯ ದಿನ ಗೌರಿ ರಜೆ ಹಾಕಿ, ಬೇಲೂರು ಮಠದ ಘಾಟಿನಲ್ಲಿ ದೋಣಿ ಹತ್ತಿ ದಕ್ಷಿಣೇಶ್ವರದಲ್ಲಿಳಿದು, ಆಟೋ ಹಿಡಿದು ಬಂದರು. ಅಂದಿನಿಂದ ಆಲಂಬಾಜಾರಿನ ತಂಡಗಳೆಲ್ಲ ಅವರ ಮಾತಿನಿಂದಲೇ ಶುರುವಾದವು. ಬಂಗಾಳಿ ಹಿಂದಿ ಕಲಸಿದ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡುತ್ತಿದ್ದರು. ಕೊನೆಯ ಎರಡು ವಾಕ್ಯ ಎಂದೂ ಬದಲಾಗಲಿಲ್ಲ: "ಮೇಡಂ ಧೈರ್ಯದಿಂದ ಇರು ಅಂದರು. ನಾನು ಧೈರ್ಯದಿಂದ ಇದ್ದೆ." ಆಮೇಲೆ ಒಂದು ಲೋಟ ಚಹಾ ಕುಡಿದು ದೋಣಿಗೆ ಹೊರಡುತ್ತಿದ್ದರು. ಇಂದುಮತಿಯವರು ಕೋಣೆಯ ಹಿಂಭಾಗದಲ್ಲಿ ಮೋಡಾ ಎನ್ನುವ ಬೆತ್ತದ ದುಂಡು ಪೀಠದ ಮೇಲೆ ಕೂತು ಕೇಳುತ್ತಿದ್ದರು. ಮೂವತ್ತು ಸಲ ಕೇಳಿದರು. ಹೊಸಬರೆಲ್ಲ ಹಿಂತಿರುಗಿ ತಮ್ಮತ್ತ ನೋಡುವ ಆ ಒಂದು ಕ್ಷಣಕ್ಕೆ ತಾವು ಒಗ್ಗಿಕೊಳ್ಳಲೇ ಇಲ್ಲ ಎಂದು ಅವರೇ ಹೇಳಿದ್ದಾರೆ.

ಅವರ ಪಾಠಕ್ರಮ ತೊಂಬತ್ತು ದಿನದ್ದು. ಮೊದಲ ಮೂರು ವಾರ ಓದು. ಆಮೇಲೆ ಪ್ರತಿಯೊಬ್ಬ ಅಭ್ಯರ್ಥಿಯೂ ನಲವತ್ತು ರೋಗಿಗಳ ಮೊದಲ ಸಂದರ್ಶನ ಮಾಡಬೇಕು. ಬೆನ್ನ ಹಿಂದೆ ಅದೇ ಮೋಡಾದ ಮೇಲೆ ಇಂದುಮತಿಯವರು ಕೂತಿರುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ. ರೋಗಿ ಹೋದ ಮೇಲೆ ಮೂರೇ ಪ್ರಶ್ನೆ: ಏನು ಕೇಳಿದೆ, ಏನು ಕೇಳಲಿಲ್ಲ, ಕೇಳದೆ ಏನನ್ನು ಊಹಿಸಿಕೊಂಡೆ. ಆಣೆ ಹಾಕಿಸಿದವರನ್ನು ಆ ದಿನವೇ ಮನೆಗೆ ಕಳಿಸುತ್ತಿದ್ದರು.

ಸಂದರ್ಶನದ ನಮೂನೆಯನ್ನು ಅವರೇ ಸಿದ್ಧಪಡಿಸಿದರು. ಅದರ ಮೊದಲ ಸಾಲು: ಕೊನೆಯ ಸಲ ಯಾವಾಗ? ದಿನ, ಗಂಟೆ. ಹೆಸರು ಎರಡನೆಯ ಸಾಲಿನಲ್ಲಿ. ಕರಡು ನೋಡಿದ ಹಯವದನ ಕನ್ನಡಕ ತೆಗೆದು ನಕ್ಕರು. "ಇದೆಂಥದು ಮಾರಾಯ್ತಿ? ಬಂದವನ ಹೆಸರಾದರೂ ಕೇಳುವ ಮರ್ಯಾದೆ ಬೇಡ್ವಾ?"

"ಹೆಸರು ನಾಳೆ ಕೇಳಿದ್ರೂ ನಡೀತದ" ಎಂದರು ಇಂದುಮತಿ. ಹಯವದನ ಕನ್ನಡಕ ಹಾಕಿಕೊಂಡರು. ಗಂಟೆಯ ಪಕ್ಕದಲ್ಲಿ, ಈಗಿನಿಂದ ಎಷ್ಟು ತಾಸಾಯಿತು ಎಂದು ಬರೆಯಲು ಇನ್ನೊಂದು ಚೌಕ ತಾವೇ ಗೀಟು ಹಾಕಿ ಕೊಟ್ಟರು.

ಕಟ್ಟುನಿಟ್ಟಿನ ಈ ಗುರುವಿನ ಅಂತಃಕರಣವನ್ನು ಬಲ್ಲವರೂ ಬಹಳ. ಒಂದೇ ಉದಾಹರಣೆ ಸಾಕು. ಕುಡಿತ ಬಿಟ್ಟು ನಾಲ್ಕು ವರ್ಷವಾಗಿದ್ದ ಅರುಣ ಎಂಬವರು 1997ರಲ್ಲಿ ತರಬೇತಿಗೆ ಸೇರಿ, ಐವತ್ತೆರಡನೆಯ ದಿನ ಮತ್ತೆ ಕುಡಿದರು. ನಾಚಿಕೆಯಿಂದ ಬರುವುದು ನಿಲ್ಲಿಸಿದರು. ಇಂದುಮತಿಯವರು ಹುಡುಕಿಕೊಂಡು ಹೋಗಿ ಬಾಗಿಲಲ್ಲಿ ನಿಂತು ಬಂಗಾಳಿಯಲ್ಲಿ ಬೈದರು: "ಜ್ವರ ಬಂದವರು ವೈದ್ಯರ ಮನೆಗೆ ಬರೋದು ಬಿಟ್ಟು ಮಂಚದಡಿ ಅಡಗಿ ಕೂರ್ತಾರೇನು?" ಚಿಕಿತ್ಸೆಗೆ ಸೇರಿಸಿದರು, ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕದೆ ಮುಂದಿನ ತಂಡಕ್ಕೆ ಬರೆದುಕೊಂಡರು. ಅರುಣರ ಕುರ್ಚಿಯಲ್ಲಿ ಆರು ತಿಂಗಳು ಬೇರೆ ಯಾರೂ ಕೂರದಂತೆ ಅದರ ಮೇಲೆ ನಮೂನೆಗಳ ಕಟ್ಟು ಇಟ್ಟಿದ್ದರು. ಅರುಣ ಇಂದು ಹೌರಾದಲ್ಲಿ ಆಪ್ತಸಮಾಲೋಚಕರು.

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ಕೇಂದ್ರದಲ್ಲಿ ಚಿಕಿತ್ಸೆ ಪಡೆದವರನ್ನು ವರ್ಷದ ನಂತರ ಹುಡುಕಿದರೆ ಅರ್ಧ ಜನ ಸಿಗುತ್ತಿರಲಿಲ್ಲ. ಸಿಕ್ಕವರಲ್ಲಿ ಕುಡಿಯದೆ ಉಳಿದವರು ಮೂವರಲ್ಲಿ ಒಬ್ಬರು. ಪ್ರತಿ ಏಪ್ರಿಲ್‌ನಲ್ಲಿ ಹಯವದನ ಈ ಲೆಕ್ಕ ಹಾಕಿಕೊಡುತ್ತಿದ್ದರು, ಪ್ರತಿ ಏಪ್ರಿಲ್‌ನಲ್ಲಿ ಇಂದುಮತಿಯವರು ಅದನ್ನು ಎರಡು ಸಲ ಓದಿ ಡ್ರಾಯರಿನಲ್ಲಿಡುತ್ತಿದ್ದರು. ಐವತ್ತೈದು ದಾಟುವ ಹೊತ್ತಿಗೆ ಮೋಡಾದಿಂದ ಏಳಲು ಮೇಜು ಹಿಡಿಯಬೇಕಾಗುತ್ತಿತ್ತು. ಮೊಣಕಾಲು ಒಂದು ಕಾರಣ. ದಿನಕ್ಕೆ ಆರು ಜನರ ಬದುಕನ್ನು ಬಾಯಿಮುಚ್ಚಿ ಕೇಳುವುದು ಇನ್ನೊಂದು.

ಆ ಹೊತ್ತಿಗೆ ಊರಿನ ಪೂರ್ವದಂಚಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಎದ್ದಿದ್ದವು. ಐಟಿ ಕಂಪನಿಗಳು, ಕಾಲ್ ಸೆಂಟರುಗಳು ಇಪ್ಪತ್ತೈದರ ಹುಡುಗ ಹುಡುಗಿಯರನ್ನು ರಾತ್ರಿ ಪಾಳಿಗೆ ತೆಗೆದುಕೊಂಡವು. ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಕುಡಿಯಲು ಕೂರುವವರು ಹೆಚ್ಚಿದರು. 2006ರ ಫೆಬ್ರುವರಿಯಲ್ಲಿ ಒಂದು ಕಂಪನಿ ಟ್ರಸ್ಟಿಗೆ ಪತ್ರ ಬರೆಯಿತು: ಸಿಬ್ಬಂದಿ ವಿಭಾಗದ ಇಪ್ಪತ್ತಾರು ಮಂದಿಯನ್ನು ಹನ್ನೆರಡು ದಿನದಲ್ಲಿ ಆಪ್ತಸಮಾಲೋಚಕರಾಗಿ ತಯಾರುಮಾಡಿ ಪ್ರಮಾಣಪತ್ರ ಕೊಡಬೇಕು, ಪ್ರತಿಯಾಗಿ ಕೇಂದ್ರಕ್ಕೆ ಎರಡನೆಯ ಮಹಡಿ ಕಟ್ಟಿಸಿಕೊಡುತ್ತೇವೆ.

ಟ್ರಸ್ಟಿನ ಕಾರ್ಯದರ್ಶಿ ಬದರಿನಾಥ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಿಂದ ನಿವೃತ್ತರಾದ ಮೈಸೂರಿನವರು, ಸಜ್ಜನರು. ಹೊರ ಜಿಲ್ಲೆಯ ಅಭ್ಯರ್ಥಿಗಳು ಉಳಿಯಲು ಜಾಗವಿಲ್ಲದೆ ಪಾಠದ ಕೋಣೆಯಲ್ಲೇ ಚಾಪೆ ಹಾಸಿ ಮಲಗುವುದನ್ನು ಕಂಡು ಮರುಗುತ್ತಿದ್ದವರು.

"ಇಂದುಮತಿಯವರೇ, ಹನ್ನೆರಡೇ ದಿನ. ಹುಡುಗರಿಗೆ ಒಂದು ಸೂರಾಗುತ್ತೆ."

"ಹನ್ನೆರಡು ದಿನದಾಗ ನನಗ ಅವರ ಹೆಸರು ಬಾಯಿಪಾಠ ಆಗ್ತಾವ, ಅಷ್ಟ."

ಹಾಗೆಂದರೂ ಅವರು ಒಪ್ಪಿದರು. ಆ ವರ್ಷ ಅವರಿಗೆ ಜಗಳಕ್ಕೆ ಶಕ್ತಿಯಿರಲಿಲ್ಲ. ಪ್ರಮಾಣಪತ್ರದಲ್ಲಿ "ಹಾಜರಾಗಿದ್ದರು" ಎಂದಷ್ಟೇ ಇರಬೇಕು ಎಂದರು. ಬದರಿನಾಥರು ಹೂಂ ಎಂದರು. ಪಾಠ ನಡೆದದ್ದು ಕಂಪನಿಯ ಸಭಾಂಗಣದಲ್ಲಿ. ವೇಳಾಪಟ್ಟಿ ಕಂಪನಿಯದು, ಅದರಲ್ಲಿ ಗೌರಿಯವರ ಹತ್ತು ನಿಮಿಷಕ್ಕೆ ಜಾಗವಿರಲಿಲ್ಲ. ಇಂದುಮತಿಯವರು ಕೇಳಲೂ ಇಲ್ಲ. ಒಂದು ಸಲವಾದರೂ ಆ ಮಾತು ಕೇಳದೆ ತಂಡ ಶುರುವಾಯಿತಲ್ಲ ಎಂದು ಮನಸ್ಸು ಹಗುರವಾಗಿತ್ತು. ಅದನ್ನು ಅವರು ಮುಚ್ಚಿಟ್ಟಿಲ್ಲ. ನಮೂನೆಯನ್ನೂ ಕಂಪನಿಯವರು ಕಂಪ್ಯೂಟರಿಗೆ ಹೊಂದಿಸಿಕೊಂಡಿದ್ದರು. ಮೊದಲ ಸಾಲು ಹೆಸರು, ಎರಡನೆಯದು ಉದ್ಯೋಗಿ ಸಂಖ್ಯೆ, ಮೂರನೆಯದು ವಿಭಾಗ. ಕೊನೆಯ ಸಲ ಕುಡಿದ ಗಂಟೆ ಮೂರನೆಯ ಪುಟದ ನಲವತ್ತೊಂದನೆಯ ಪ್ರಶ್ನೆಯಾಗಿತ್ತು.

ಮಾರ್ಚ್ 26, ಭಾನುವಾರ, ಹನ್ನೆರಡನೆಯ ದಿನ. ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿದ್ದವರು ಇಪ್ಪತ್ತಾರರ ವರ್ಷಿಣಿ. ಕೇಂದ್ರ ಸರ್ಕಾರಿ ನೌಕರರ ಮಗಳು, ಕೋಲ್ಕತ್ತದಲ್ಲೇ ಹುಟ್ಟಿ ಬೆಳೆದವರು. ಕನ್ನಡ ಅರ್ಥವಾಗುವಷ್ಟು ಬಾಯಿಗೆ ಬರುತ್ತಿರಲಿಲ್ಲ. ಅಭ್ಯಾಸದ ಸಂದರ್ಶನಕ್ಕೆ ಅವರು ತಮ್ಮದೇ ಕಂಪನಿಯ ಒಬ್ಬ ಟೀಮ್ ಲೀಡರನ್ನು ಕರೆತಂದಿದ್ದರು. ವಯಸ್ಸು ಮೂವತ್ತಮೂರು, ಇಲ್ಲಿ ಪ್ರದೀಪ ಎಂದು ಕರೆಯೋಣ, ನಿಜ ಹೆಸರು ಬೇರೆ. ವರ್ಷಿಣಿ ಮೊದಲು ಸಭೆಗೆ ಒಂದು ಹಾಳೆ ತೋರಿಸಿದರು. ಹಿಂದಿನ ದಿನ ಬೆಳಿಗ್ಗೆ ಪ್ರದೀಪ ಕಂಪನಿಯ ಲೆಟರ್‌ಹೆಡ್ ಮೇಲೆ, ಇಂದಿನಿಂದ ಕುಡಿಯುವುದಿಲ್ಲ ಎಂದು ಸಹಿ ಹಾಕಿದ್ದ. ಸಾಕ್ಷಿಯಾಗಿ ವರ್ಷಿಣಿಯ ಸಹಿ. ಅವನ ಕೆಳಗಿನ ಕೆಲಸಗಾರರು ಚಪ್ಪಾಳೆ ತಟ್ಟಿ ಕೇಕ್ ಕತ್ತರಿಸಿದ್ದರಂತೆ. ಸಭೆಯೂ ಚಪ್ಪಾಳೆ ತಟ್ಟಿತು.

ಕೇಂದ್ರದಿಂದ ತರಿಸಿದ್ದ ಮೋಡಾದ ಮೇಲಿದ್ದ ಇಂದುಮತಿಯವರು ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಶಾಲು ಹೊದ್ದು ಕೂತ ಆ ತಣ್ಣನೆಯ ಸಭಾಂಗಣದಲ್ಲಿ ಪ್ರದೀಪನೊಬ್ಬ ಬೆವರುತ್ತಿದ್ದ. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ವರ್ಷಿಣಿ ವಿಭಾಗ, ಪಾಳಿ, ಕುಟುಂಬ ಎಂದು ಒಂದೊಂದೇ ಪ್ರಶ್ನೆ ಓದುತ್ತಿದ್ದಾಗ ಅವನು ಕಾಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ, ಏನನ್ನೋ ತುಳಿಯಬಾರದೆಂಬ ಹಾಗೆ.

ಇಂದುಮತಿಯವರು ಎದ್ದು ನಿಂತರು. ಸಂದರ್ಶನದ ನಡುವೆ ಅವರು ಎದ್ದದ್ದನ್ನು ಯಾರೂ ಕಂಡಿರಲಿಲ್ಲ.

"ಕೊನೇ ಸಲ ಯಾವಾಗ ಕುಡಿದೆ, ಬಾಬಾ?" ಎಂದು ಮಗನನ್ನು ಮಾತಾಡಿಸುವ ಹಾಗೆ ಬಂಗಾಳಿಯಲ್ಲಿ ಕೇಳಿದರು.

"ಶುಕ್ರವಾರ ರಾತ್ರಿ. ಒಂಬತ್ತೂವರೆ ಇರಬಹುದು."

"ನಿನ್ನೆ?"

"ಇಲ್ಲ, ಮಾಶೀಮಾ. ಮಾತು ಕೊಟ್ಟಿದ್ದೀನಲ್ಲ."

"ಎಷ್ಟು ವರ್ಷದಿಂದ ದಿನಾ?"

"ಹನ್ನೊಂದು."

"ಕಾಲು ಯಾಕೆ ಸರಿಸಿದೆ?"

ಪ್ರದೀಪ ಮುಜುಗರದಿಂದ ನಕ್ಕ. "ಇರುವೆ" ಎಂದ.

ಕಾರ್ಪೆಟ್ಟಿನ ಮೇಲೆ ಏನೂ ಇರಲಿಲ್ಲ. ಗಡಿಯಾರದಲ್ಲಿ ಮೂರೂವರೆ. ಕೊನೆಯ ಗುಟುಕಿನಿಂದ ನಲವತ್ತೆರಡು ತಾಸು.

ಆಸ್ಪತ್ರೆಯ ಬಾಗಿಲಲ್ಲೇ ಅವನಿಗೆ ಮೊದಲ ಸೆಳೆತ ಬಂತು. ಒಳಗೆ ಹಾಸಿಗೆ ಸಿದ್ಧವಿತ್ತು. ಇಂದುಮತಿಯವರು ಕಾರಿನಿಂದಲೇ ಫೋನು ಮಾಡಿ, ಹೆಸರು ಹೇಳುವ ಮೊದಲು ತಾಸು ಹೇಳಿದ್ದರು. ಒಂಬತ್ತು ದಿನದ ನಂತರ ಪ್ರದೀಪ ನಡೆದುಕೊಂಡು ಮನೆಗೆ ಹೋದ.

ಆ ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ವರ್ಷಿಣಿ ಗೋಡೆಗೊರಗಿ ನಿಂತಿದ್ದರು. "ಮ್ಯಾಮ್, ನಾನು... ಐ ಥಾಟ್, ಒಳ್ಳೇದೇ ಮಾಡ್ತಾ ಇದೀನಿ ಅಂತ."

"ಗೊತ್ತದ, ಮಗಳ. ನಾನೂ ಹಂಗ ಅಂದ್ಕೊಂಡಿದ್ದೆ. ಅಳೋದು ಆಮ್ಯಾಲ. ಮೊದಲು ಅವರ ಮನಿಗೆ ಫೋನ್ ಹಚ್ಚು."

ಮರುದಿನ ಬದರಿನಾಥರು ಇಪ್ಪತ್ತಾರು ಪ್ರಮಾಣಪತ್ರಗಳನ್ನು 'ಮಾ ಕಾಲಿ' ಎಂದು ಮುದ್ರಣಾಲಯದ ಹೆಸರು ಬರೆದ ರಟ್ಟಿನ ಪೆಟ್ಟಿಗೆಯಲ್ಲಿ ತಂದಿಟ್ಟರು. "ಹಾಜರಾಗಿದ್ದರು" ಎಂಬ ಕಡೆ "ವ್ಯಸನಿಗಳನ್ನು ಪರೀಕ್ಷಿಸಲು ಹಾಗೂ ಉಪಚರಿಸಲು ಅರ್ಹರು" ಎಂದು ಅಚ್ಚಾಗಿತ್ತು. ಕಂಪನಿ ಪಟ್ಟು ಹಿಡಿದಿತ್ತಂತೆ.

"ಹುಡುಗ ಉಳಿದನಲ್ಲ, ನಿಮ್ಮಿಂದಲೇ ಉಳಿದ. ಐದು ನಿಮಿಷದ ಸಹಿ, ಇಂದುಮತಿಯವರೇ. ಮಹಡಿಗೆ ಕಂಬಿ ಕೂಡ ಎಬ್ಬಿಸಿಯಾಗಿದೆ."

"ನಂಜುಂಡಪ್ಪನವರ ಕಡೆ ಪ್ರಮಾಣ ಮಾಡಿಸಿದ್ದೂ ಐದ ನಿಮಿಷದ ಕೆಲಸ ಆಗಿತ್ರಿ" ಎಂದು ಅವರು ಪೆಟ್ಟಿಗೆಯ ಮುಚ್ಚಳ ಹಾಕಿದರು.

ಒಂದಕ್ಕೂ ಸಹಿ ಹಾಕಲಿಲ್ಲ. ಕಂಪನಿ ದೂರವಾಯಿತು, ಅದರ ಹಿಂದೆ ಬರಲಿದ್ದ ಇನ್ನೆರಡು ಕಂಪನಿಗಳೂ ಬರಲಿಲ್ಲ. ಅಭ್ಯರ್ಥಿಗಳು ಇಂದಿಗೂ ಪಾಠದ ಕೋಣೆಯಲ್ಲೇ ಮಲಗುತ್ತಾರೆ. ತಾರಸಿಯ ಮೇಲೆ ಎದ್ದು ನಿಂತ ಕಬ್ಬಿಣದ ಕಂಬಿಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ಸಹಿ ಹಾಕದಿದ್ದದ್ದು ಸರಿ ಎಂದು ಒಪ್ಪಲು ಬದರಿನಾಥರಿಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷ ಇಬ್ಬರ ನಡುವೆ ಮಾತು ಕಾಗದದ ಮೂಲಕ ನಡೆಯಿತು. ಪ್ರತಿ ಸಲ ಕಂಬಿಗಳ ಕೆಳಗೆ ಹಾದುಹೋಗುವಾಗ ಇಂದುಮತಿಯವರು ತಲೆ ತಗ್ಗಿಸಿ ನಡೆಯುತ್ತಿದ್ದರು.

ಆ ಇಪ್ಪತ್ತಾರರಲ್ಲಿ ಒಬ್ಬರು ಮಾತ್ರ ಮರಳಿ ಬಂದರು. ವರ್ಷಿಣಿ ಜುಲೈನಲ್ಲಿ ಕೆಲಸ ಬಿಟ್ಟು ತೊಂಬತ್ತು ದಿನದ ಪಾಠಕ್ಕೆ ಸೇರಿದರು. ಮೊದಲ ದಿನ ಗೌರಿ ಮಾತು ಮುಗಿಸಿದಾಗ, ಹಿಂತಿರುಗಿ ಇಂದುಮತಿಯವರತ್ತ ನೋಡದೆ ಕೂತವರು ಅವರೊಬ್ಬರೇ. ನಲವತ್ತು ಸಂದರ್ಶನಗಳಲ್ಲಿ ಒಂಬತ್ತನ್ನು ಇಂದುಮತಿಯವರು ತಿರಸ್ಕರಿಸಿದರು. ಈಗ ಆ ಮೋಡಾ ವರ್ಷಿಣಿಯವರದು.

ಕೊನೆಯ ಮೂರು ವರ್ಷ ಸದ್ದಿಲ್ಲದೆ ಕಳೆದವು. ಹಯವದನರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಏಪ್ರಿಲ್‌ನ ಲೆಕ್ಕವನ್ನು ಇಂದುಮತಿಯವರು ಓದಿ ಹೇಳಿದರೆ ಅವರು ಬಾಯಲ್ಲೇ ಕೂಡಿದರು. ಮೂವರಲ್ಲಿ ಒಬ್ಬರು ಎಂಬ ಉತ್ತರ ಹೆಚ್ಚು ಬದಲಾಗಲಿಲ್ಲ. ನಿವೃತ್ತಿಯ ದಿನ ಇಂದುಮತಿಯವರು ಎಂದಿನಂತೆ ಎರಡು ಸಂದರ್ಶನಗಳ ಹಿಂದೆ ಕೂತು, ನಮೂನೆಗಳ ಹೊಸ ಕಟ್ಟನ್ನು ಬಿಚ್ಚಿ ಮೊದಲ ಸಾಲು ಮೊದಲ ಸಾಲಿನಲ್ಲೇ ಇದೆಯೇ ಎಂದು ನೋಡಿ, ಕೊಡೆ ತೆಗೆದುಕೊಂಡು ಹೊರಟರು. ಕೇಂದ್ರದ ಬಾಗಿಲ ತನಕ ಹೋದ ವರ್ಷಿಣಿಗೆ ಅವರು ಹೇಳಿದ್ದು ಇಷ್ಟೇ: "ಗೌರಿಗೆ ಹೇಳು, ಇನ್ನ ಆಕಿ ಬರಬೇಕಂತೇನಿಲ್ಲ. ನನಗ ಕೇಳಸಲಿಕ್ಕೆ ಅಂತ ಆಕಿ ಬರೂದು. ನಾನ ಇಲ್ಲಂದ್ರ ಆಕಿಗೂ ಅಷ್ಟ ಸಾಕು."

ಇನ್ನೊಂದು ಸಂಗತಿಯನ್ನು ಇಲ್ಲಿ ದಾಖಲಿಸಬೇಕು. ಇಂದುಮತಿಯವರು ಆ ದಿನ ಅಲ್ಲಿರಲಿಲ್ಲ. ಅವರಿಗೆ ಯಾರೂ ಹೇಳಿಯೂ ಇಲ್ಲ.

2009ರ ಜುಲೈ 6, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಮೂವತ್ತೆರಡನೆಯ ತಂಡದ ಮೊದಲ ದಿನ. ಹನ್ನೊಂದು ಅಭ್ಯರ್ಥಿಗಳಿದ್ದರು, ಮೋಡಾದ ಮೇಲೆ ವರ್ಷಿಣಿ. ಬರಬೇಕಾಗಿಲ್ಲ ಎಂಬ ಸಂದೇಶ ಮುಟ್ಟಿದ್ದರೂ ಗೌರಿ ರಜೆ ಹಾಕಿ, ದೋಣಿ ಹತ್ತಿ, ಆಟೋ ಹಿಡಿದು ಬಂದರು. ಎಂದಿನ ಹತ್ತು ನಿಮಿಷ ಮಾತಾಡಿದರು. "ಧೈರ್ಯದಿಂದ ಇರು ಅಂದರು" ಎನ್ನುವಲ್ಲಿಗೆ ಬಂದು ನಿಂತರು. ಹಿಂದೆ ಮೋಡಾದತ್ತ ನೋಡಿದರು. ಆಮೇಲೆ, ಆ ಕೋಣೆಯಲ್ಲಿ ವರ್ಷಿಣಿಯೊಬ್ಬರಿಗೆ ಮಾತ್ರ ಅರ್ಥವಾಗುವ ಕನ್ನಡದಲ್ಲಿ ಹೇಳಿದರು:

"ಅಕ್ಕನಿಗೂ ಗೊತ್ತಿರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಇಬ್ರೂ ಸೇರಿ ಅವರನ್ನ ಹೊತ್ಕೊಂಡೋಗ್ತಿದ್ವಿ."

ಚಹಾ ಕುಡಿಯುವಾಗ, ಈ ಮಾತನ್ನು ಸಂಪುಟದಲ್ಲಿ ಹಾಕಬಹುದೇ ಎಂದು ವರ್ಷಿಣಿ ಅವರನ್ನು ಕೇಳಿದರು. ಗೌರಿ ಲೋಟ ಕೆಳಗಿಟ್ಟರು. "ಹಾಕಿ. ಎದುರಿಗೆ ಹೇಳಕ್ಕೆ ನಂಗೆ ಆಗಲ್ಲ, ಇಪ್ಪತ್ತು ವರ್ಷ ಆಗೋಯ್ತು. ಅವರೇ ಓದ್ಕೊಳ್ಲಿ. ನೂರು ವರ್ಷ ಇರ್ಲಿ ಅಂತಾನೂ ಬರೀರಿ. ಮನೇಲಿ ಸುಮ್ನೆ ಕೂತ್ರೆ ಇನ್ನೂ ಸೊರಗ್ತಾರೆ, ವಾರಕ್ಕೊಂದಿನ ಬಂದು ಈ ಮಕ್ಕಳಿಗೆ ಹೇಳ್ಕೊಡ್ಲಿ. ಮಂಡಿಗೆ ಎಣ್ಣೆ ಹಚ್ಕೊಂಡು ಬರ್ಲಿ. ಮುಂದಿನ ಸಲ ನಾನು ಬಂದಾಗ ಅಕ್ಕ ಇರ್ಬೇಕು, ಅಷ್ಟೇ."

ಅವರು ಹೇಳಿದ ಹಾಗೆಯೇ ಬರೆಯಲಾಗಿದೆ. ಮುಂದಿನ ತಂಡ ಜನವರಿ 4ರಂದು, ಬೆಳಿಗ್ಗೆ ಹತ್ತಕ್ಕೆ ಶುರುವಾಗುತ್ತದೆ.